ದ್ಯಾಮವ್ವನ ದನಿ, ಕರಿಬಸಪ್ಪನ ಬಾಯಿ

ನಮ್ಮೂರಿಗೆ ಹೊಸದಾಗಿ ಬಂದವರಿಗೆ ನಾವು ಮೊದಲು ಹೇಳಿಕೊಡುವುದು ಒಂದೇ ಮಾತು: ಯಾರ ಪರವಾಗಿಯೂ ಸುಮ್ಮಸುಮ್ಮನೆ ಬಾಯಿ ತೆಗೆಯಬೇಡಿ. ತೆಗೆದಿರೋ, ನಿಮ್ಮ ಬಾಯಿಂದ ಅವರ ದನಿ ಬರುತ್ತದೆ, ಅವರ ಗಂಟಲು ಖಾಲಿಯಾಗುತ್ತದೆ. ನೀವು “ನಿನ್ನ ಮಾತು ನಿನಗ” ಎಂದು ಒಪ್ಪಿಸುವ ತನಕ ಅವರು ಬರೀ ತುಟಿ ಆಡಿಸುತ್ತ ಕೂತಿರಬೇಕು. ಒಂದು ಸಲ ನಮ್ಮ ಓಣಿಯ ಹೊಸ ಅಳಿಯ, ಪಾಪ, ಬೇರೆ ಊರಿನವನು, ಊಟದ ಪಂಕ್ತಿಯಲ್ಲಿ ಎದ್ದು ನಿಂತು “ನಮ್ಮ ಅತ್ತೆಯವರ ಪರವಾಗಿ ಎಲ್ಲರಿಗೂ ನಮಸ್ಕಾರ” ಅಂದುಬಿಟ್ಟ. ನಮಸ್ಕಾರ ಅನ್ನುವಷ್ಟರಲ್ಲೇ ಅವನ ಬಾಯಿಂದ ಅತ್ತೆಯ ಕೀರಲು ದನಿ ಹೊರಟಿತು. ಒಪ್ಪಿಸುವ ಮಾತು ಅವನಿಗೆ ಗೊತ್ತಿರಲಿಲ್ಲ. ಹೇಳಿಕೊಡಬೇಕಾದ ಮಾವ ಹೇಳಿಕೊಡಲಿಲ್ಲ. “ಇರಲಿ ತಗೋ, ಸಂಜೀ ತನಕ ನಿನ್ನ ಹತ್ರನ ಇರಲಿ” ಎಂದು ಹೋಳಿಗೆಗೆ ಇನ್ನೊಂದಿಷ್ಟು ತುಪ್ಪ ಹಾಕಿಸಿಕೊಂಡ.

ಯಾಕೆ ಹೀಗೆ ಎಂದು ನಮ್ಮಲ್ಲಿ ಯಾರೂ ಕೇಳುವುದಿಲ್ಲ. ಹುಟ್ಟಿದಾಗಿನಿಂದ ಇರುವುದನ್ನು ಯಾರಾದರೂ ಕೇಳುತ್ತಾರೆಯೇ? ಕೂಸು ಹಟ ಹಿಡಿದು ಅಳುವಾಗ ತಾಯಿ “ನಮ್ಮ ಕೂಸಿನ ಪರವಾಗಿ” ಎಂದರೆ ಸಾಕು, ಕೂಸು ತಣ್ಣಗೆ ಮಲಗುತ್ತದೆ. ಆದರೆ ಅಳುವ ಕೆಲಸ ತಾಯಿಯ ಪಾಲಿಗೆ ಬರುತ್ತದೆ, ಅವಳು ಹಿತ್ತಲಿಗೆ ಹೋಗಿ ಅತ್ತು ಮುಗಿಸಿ ಬರುತ್ತಾಳೆ. ನಾಚಿಕೆ ಸ್ವಭಾವದ ವರನಿದ್ದರೆ ಮದುವೆ ದಲ್ಲಾಳಿ ಅವನ ಪರವಾಗಿ ಹೂಂ ಅನ್ನುತ್ತಾನೆ, ಅಲ್ಲಿಗೆ ಹುಡುಗ ಸಿಕ್ಕಿಬಿದ್ದ. ಯಾಕೆಂದರೆ ನಮ್ಮೂರಿನ ಕಾಯಿದೆ ಬಲು ಖಡಕ್ಕು. ದನಿ ಯಾರದೋ ಮಾತೂ ಅವರದೇ. ಯಾರ ಬಾಯಿಂದ ಬಂತು ಅನ್ನುವುದನ್ನು ಮನುಷ್ಯರೂ ನೋಡುವುದಿಲ್ಲ, ಊರಿನ ಗಾಳಿಯೂ ನೋಡುವುದಿಲ್ಲ.

ನನ್ನದು ಹಿಟ್ಟಿನ ಗಿರಣಿ, ಊರಸಭೆಯ ಕಟ್ಟಡದ ಎದುರಿಗೇ ಇದೆ. ಗಂಡ ಸತ್ತ ಮೇಲೆ ನಾನೇ ನಡೆಸುತ್ತೇನೆ. ಗಿರಣಿ ಸುಂದರವ್ವ ಎಂದರೆ ಎಲ್ಲರಿಗೂ ಗೊತ್ತು. ನನ್ನ ದನಿಯನ್ನು ಎರವಲು ಒಯ್ಯುವವರು ಯಾರೂ ಇಲ್ಲ. ಒಯ್ದರೂ ಆ ಗಡಗಡ ಸದ್ದಿನೊಳಗೆ ಅದು ಹೋದದ್ದು ನನಗೇ ತಿಳಿಯುವುದಿಲ್ಲ. ಈ ಕಥೆ ನನ್ನದಲ್ಲ, ದ್ಯಾಮವ್ವನದು. ನಡೆದದ್ದರಲ್ಲಿ ಅರ್ಧ ನಾನು ಕಣ್ಣಾರೆ ಕಂಡದ್ದು, ಉಳಿದರ್ಧ ಅವಳೇ ಜೋಳ ಬೀಸಿಸಲು ಬಂದಾಗ ನನ್ನ ಕಿವಿಗೆ ಬಾಯಿ ಹಚ್ಚಿ ಹೇಳಿದ್ದು.

ದ್ಯಾಮವ್ವ ರೊಟ್ಟಿ ಮಾರುವವಳು. ಪೇಟೆಯ ನಡುವೆ ಬೇವಿನ ಮರದ ಕೆಳಗೆ ಒಂದು ಕಲ್ಲಿನ ಕಟ್ಟೆ ಇದೆ, ಹೆಂಗಸರ ಕಟ್ಟೆ ಅಂತಲೇ ಅದರ ಹೆಸರು. ಸೊಪ್ಪಿನವರು, ಮೊಸರಿನವರು, ಬುಟ್ಟಿ ಹೆಣೆಯುವವರು ಎಲ್ಲರೂ ಅಲ್ಲೇ ಕೂಡುತ್ತಾರೆ. ಅವರ ನಡುವೆ ದ್ಯಾಮವ್ವ ಖಡಕ್ ರೊಟ್ಟಿಯ ಬುಟ್ಟಿ ಇಟ್ಟುಕೊಂಡು ಕೂತು ಒಮ್ಮೆ ಕೂಗಿದಳೆಂದರೆ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸಿಗೆ ಕಾಲಿಟ್ಟವರು ಇಳಿದು ಬರಬೇಕು, ಅಂಥ ದನಿ. ಗಟ್ಟಿ ಮಾತ್ರವಲ್ಲ, ಕೇಳಿದರೆ ಹಸಿವಾಗುತ್ತಿತ್ತು. ಹೊಟ್ಟೆ ತುಂಬ ಉಂಡವರೂ ಎರಡು ರೊಟ್ಟಿ ಕಟ್ಟಿಸಿಕೊಂಡು ಹೋಗುತ್ತಿದ್ದರು.

ಮೇಲಿನ ಕಚೇರಿಯಿಂದ ಆದೇಶ ಬಂತು: ಊರಸಭೆಯಲ್ಲಿ ಇನ್ನು ಮುಂದೆ ಅರ್ಧ ಕುರ್ಚಿ ಹೆಂಗಸರಿಗೆ. ಮೊದಲು ಗಂಡಸರು ಹೌಹಾರಿದರು. ಆಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ನಕ್ಕರು. ಹೆಂಗಸರ ಕಟ್ಟೆ ಇರುವ ಸಂತೆಕಟ್ಟೆ ವಾರ್ಡಿನಲ್ಲಿ ದ್ಯಾಮವ್ವನನ್ನು ಬಿಟ್ಟರೆ ಬೇರೆ ಹೆಸರೇ ಯಾರ ಬಾಯಿಗೂ ಬರಲಿಲ್ಲ. ಅವಳು ಗೆದ್ದಳು. ಹೊಸ ಇಳಕಲ್ ಸೀರೆ ಉಟ್ಟು ಮೊದಲ ಸಭೆಗೆ ಹೊರಟು ನಿಂತವಳನ್ನು ಗಂಡ ಕರಿಬಸಪ್ಪ ಹೊಸ್ತಿಲಲ್ಲೇ ತಡೆದ.

“ನೀ ಯಾಕ ತ್ರಾಸ ತಗೋತಿ ದ್ಯಾಮಿ? ರೊಟ್ಟಿ ಬಡಿಯೋದು ಐತಿ, ಹುಡುಗ್ರು ಅದಾವು. ನಿನ್ನ ದನಿ ನಾ ಒಯ್ತೀನಿ, ಮೀಟಿಂಗ್ ಮುಗಿದ ಕೂಡ್ಲೇ ತಂದು ಕೊಡ್ತೀನಿ.”

“ನಾನ ಹೋದ್ರ ಏನಾಕ್ಕೈತ್ರಿ?”

“ಏನೂ ಆಗೂದಿಲ್ಲ. ಅದಕ್ಕ ಹೇಳಾಕತ್ತೀನಿ.”

ಕರಿಬಸಪ್ಪ ಕೆಟ್ಟವನಲ್ಲ. ಸೈಕಲ್ ರಿಪೇರಿ ಅಂಗಡಿ ಇಟ್ಟುಕೊಂಡವನು. ಹೆಂಡತಿಯ ಮೇಲೆ ಪ್ರೀತಿ ಇತ್ತು, ಅವಳ ದನಿಯ ಮೇಲೆ ಹೆಮ್ಮೆ ಇತ್ತು. ಹೆಮ್ಮೆ ಸ್ವಲ್ಪ ಹೆಚ್ಚಾಗಿಯೇ ಇತ್ತು ಅನ್ನಿ. ಅವನ ಸ್ವಂತ ದನಿಗೆ ಅಂಗಡಿಯಲ್ಲಿ ಗಿರಾಕಿಗಳೂ ಕಿವಿಗೊಡುತ್ತಿರಲಿಲ್ಲ. ದ್ಯಾಮವ್ವನ ದನಿಯಲ್ಲಿ ಅವನು “ಅಧ್ಯಕ್ಷರ” ಎಂದರೆ ಇಡೀ ಸಭೆ ತಲೆ ಎತ್ತಿ ನೋಡುತ್ತಿತ್ತು. ಆ ರುಚಿ ಹತ್ತಿದ ಮೇಲೆ ಅವನು ಸಭೆ ಸೇರುವ ಬುಧವಾರಕ್ಕಾಗಿ ಕಾಯತೊಡಗಿದ. ಉಳಿದ ಸದಸ್ಯೆಯರ ಗಂಡಂದಿರೂ ಅದನ್ನೇ ಮಾಡಿದರು. ಊರಸಭೆಯಲ್ಲಿ ಹಾಜರಿ ಹಾಕುವುದು ದನಿ ಕೇಳಿ ತಾನೇ? ದನಿ ಬಂತು, ಹಾಜರಿ ಆಯಿತು. ಅಧ್ಯಕ್ಷ ಬಾಳಪ್ಪನವರು ಕಾಯಿದೆ ಬಿಟ್ಟು ಒಂದು ಅಡಿಕೆಹೋಳನ್ನೂ ಬಾಯಿಗೆ ಹಾಕದ ಮನುಷ್ಯ. ಕಾಯಿದೆಯಲ್ಲಿ ತಪ್ಪೇನೂ ಅವರಿಗೆ ಕಾಣಲಿಲ್ಲ.

ಅಯ್ಯೋ, ಆ ಸಭೆಯನ್ನು ನೀವು ನೋಡಬೇಕಿತ್ತು! ಕಿಟಕಿಯಿಂದ ನೋಡಿದರೆ ಒಳಗೆ ಬರೀ ಮೀಸೆ, ಪಟಗ, ಟೊಪ್ಪಿಗೆ. ಕಣ್ಣು ಮುಚ್ಚಿ ಕೇಳಿದರೆ ಅರಿಸಿನ ಕುಂಕುಮಕ್ಕೆ ಊರ ಹೆಂಗಸರೆಲ್ಲ ಸೇರಿದ ಹಾಗೆ. ಮೇಲಿನ ಕಚೇರಿಯವರಿಗೆ ಇಷ್ಟು ದೂರ ಬರಲು ಪುರುಸೊತ್ತಿಲ್ಲ. ಬುಧವಾರ ಫೋನ್ ಮಾಡಿ, ರಿಸೀವರನ್ನು ಮೇಜಿನ ಮೇಲೆ ಮಲಗಿಸಲು ಹೇಳಿ, ಅಲ್ಲಿಂದಲೇ ಕೇಳುತ್ತಿದ್ದರು. ಕೇಳಿ ಕೇಳಿ ದಂಗಾದರು. ಇಡೀ ಸೀಮೆಯಲ್ಲಿ ಹೆಣ್ಣುಮಕ್ಕಳ ದನಿ ಇಷ್ಟು ಜೋರಾಗಿ ಕೇಳುವ ಊರು ಇನ್ನೊಂದಿಲ್ಲ ಎಂದು ನಮ್ಮೂರಿಗೆ ಸಮಾನತೆಯ ಪ್ರಶಸ್ತಿ ಸಾರಿದರು. ಊರಲ್ಲಿ ಪಟಾಕಿ ಹೊಡೆದರು. ಹೊಡೆದವರೆಲ್ಲ ಗಂಡಸರು.

ಅದೇ ಬುಧವಾರಗಳಂದು ಮಧ್ಯಾಹ್ನ ನನ್ನ ಗಿರಣಿಯ ಪಾಡು ಬೇರೆಯೇ. ಸದಸ್ಯೆಯರು ಡಬ್ಬಿ ಹೊತ್ತು ಬರುತ್ತಿದ್ದರು, ಒಬ್ಬರಿಗೂ ಗಂಟಲಲ್ಲಿ ಸೊಲ್ಲಿಲ್ಲ. ಸಣ್ಣಗೆ ಬೀಸಬೇಕೆಂದರೆ ಹೆಬ್ಬೆರಳು ತೋರುಬೆರಳು ತಿಕ್ಕಿ ತೋರಿಸಬೇಕು, ತರಿಯಾಗಿ ಬೇಕೆಂದರೆ ಹಲ್ಲು ಕಡಿದು ತೋರಿಸಬೇಕು. ಮಕ್ಕಳನ್ನು ಬೈಯುವಂತಿಲ್ಲ, ಕೋಳಿ ಓಡಿಸುವಂತಿಲ್ಲ. ಕಟ್ಟೆಯ ಮೇಲೆ ದ್ಯಾಮವ್ವನ ಬುಟ್ಟಿ ತುಂಬಿದ್ದು ತುಂಬಿದಂತೆ ಉಳಿಯುತ್ತಿತ್ತು. ಕೂಗದೆ ಕೂತವಳ ರೊಟ್ಟಿ ಯಾರು ಕೊಳ್ಳುತ್ತಾರೆ?

ಸಂಜೆ ದನಿ ವಾಪಸು ಬಂದರೂ ಮೊದಲಿನ ಹಾಗೆ ಬರುತ್ತಿರಲಿಲ್ಲ. ಅದಕ್ಕೆ ಬೀಡಿಯ ವಾಸನೆ ಹತ್ತಿರುತ್ತಿತ್ತು, ಜೊತೆಗೆ ಸಭೆಯ ಒಂದೆರಡು ಮಾತು ಅಂಟಿಕೊಂಡು ಬಂದಿರುತ್ತಿದ್ದವು, ಗುರುವಾರವಿಡೀ ಅವು ಉದುರುತ್ತಲೇ ಇರುತ್ತಿದ್ದವು. ದರ್ಜಿ ರಾಜೇಸಾಬನ ಹೆಂಡತಿ, ಇನ್ನೊಬ್ಬ ಸದಸ್ಯೆ ಮಾಬೂಬಿ ಒಂದು ಗುರುವಾರ ಹಸಿದು ಬಂದ ಮಕ್ಕಳಿಗೆ “ಊಟವನ್ನು ಮುಂದಿನ ಸಭೆಗೆ ಮುಂದೂಡಲಾಗಿದೆ” ಅಂದಳು. ಮಕ್ಕಳು ಓ ಎಂದು ಅಳಲು ಶುರುಮಾಡಿದವು, ಅವಳೂ ಅತ್ತಳು. ದ್ಯಾಮವ್ವ ಕಟ್ಟೆಯ ಮೇಲೆ ಕೂತು “ಸದರಿ ರೊಟ್ಟಿ ರೀ, ಸದರಿ ಖಡಕ್ ರೊಟ್ಟಿ!” ಎಂದು ಕೂಗಿದ್ದನ್ನು ನಾನೇ ಕೇಳಿದ್ದೇನೆ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ದ್ಯಾಮವ್ವನೂ ನಕ್ಕಳು, ಆದರೆ ನಕ್ಕು ಮುಗಿಸಿದ ಮೇಲೆ ಬುಟ್ಟಿಯ ಬಟ್ಟೆಯನ್ನು ಸುಮ್ಮನೆ ಸರಿಮಾಡುತ್ತ ಕೂತಳು.

ಒಂದು ಬುಧವಾರ ಗಿರಣಿಯಲ್ಲಿ ಗದ್ದಲವಿತ್ತು. ನನ್ನಲ್ಲಿ ಎರಡು ಕಲ್ಲು, ಒಂದು ಜೋಳಕ್ಕೆ, ಇನ್ನೊಂದು ಖಾರಕ್ಕೆ. ಅವಸರದಲ್ಲಿ ನಾನು ದ್ಯಾಮವ್ವನ ಜೋಳವನ್ನು ಎತ್ತಿ ಖಾರದ ಕಲ್ಲಿಗೆ ಸುರಿಯಲು ಹೊರಟೆ. ಅವಳು ಕೈ ಬೀಸಿದಳು, ಕಾಲು ಅಪ್ಪಳಿಸಿದಳು, ನಾನು ಬೆನ್ನು ಮಾಡಿ ನಿಂತಿದ್ದೆ. ಇನ್ನೇನು ಸುರಿಯಬೇಕು, ಅಷ್ಟರಲ್ಲಿ ನನ್ನ ಬೆನ್ನ ಹಿಂದೆ ಒಡಕು ಗಂಡುದನಿಯೊಂದು ಗುಡುಗಿತು:

“ಏ ಸುಂದರಕ್ಕಾ, ಆ ಕಲ್ಲಿಗಿ ಹಾಕಬ್ಯಾಡಬೇ! ಹೊಟ್ಟಿ ಉರದ ಸಾಯ್ತಾರ ಮಂದಿ!”

ತಿರುಗಿ ನೋಡಿದರೆ ಗಂಡಸು ಅನ್ನುವ ಪ್ರಾಣಿ ಒಳಗೆ ಒಂದೂ ಇಲ್ಲ. ದ್ಯಾಮವ್ವ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಕಣ್ಣು ಬಿಟ್ಟು ನಿಂತಿದ್ದಳು. ನನ್ನನ್ನು ತಡೆಯಲು ಬೇರೆ ದಾರಿ ಕಾಣದೆ ಅವಳು ಖಾಲಿ ಗಂಟಲಲ್ಲೇ ತುಟಿ ಆಡಿಸಿದ್ದಳು, ನನ್ನ ಗಂಡನ ಪರವಾಗಿ ಹೇಳ್ತೀನಿ ಎಂದು. ತುಟಿ ಆಡಿದ್ದಷ್ಟೇ, ಕರಿಬಸಪ್ಪನ ದನಿ ಬಂದು ಅವಳ ಗಂಟಲಲ್ಲಿ ಕೂತಿತ್ತು.

ನಾವೆಲ್ಲ ಕಿಟಕಿಗೆ ಓಡಿದೆವು. ಎದುರಿನ ಸಭೆಯಲ್ಲಿ ಕರಿಬಸಪ್ಪ ಏನೂ ಆಗದವನಂತೆ ದ್ಯಾಮವ್ವನ ದನಿಯಲ್ಲಿ ಚರಂಡಿಯ ಬಗ್ಗೆ ಭಾಷಣ ಮಾಡುತ್ತಿದ್ದ. ಹೆಂಡತಿಯ ದನಿ ಬಾಯಿತುಂಬ ಇರುವಾಗ ತನ್ನದು ಕಳೆದದ್ದು ಅವನಿಗೆ ಹೇಗೆ ತಿಳಿಯಬೇಕು? ದ್ಯಾಮವ್ವ ಹೆದರಿ “ನಿಮ್ಮ ಮಾತು ನಿಮಗ” ಎಂದು ತಕ್ಷಣ ಒಪ್ಪಿಸಿಬಿಟ್ಟಳು. ಆದರೆ ಮಾಬೂಬಿಯ ಕಣ್ಣು ಆಗಲೇ ಮಿಂಚುತ್ತಿತ್ತು. ಅವಳ ತುಟಿ ಆಡಿತು. ರಾಜೇಸಾಬನ ದನಿ ಬಂತು. “ಅರೇ ವಾ!” ಅಂದಿತು.

ಅವತ್ತಿನಿಂದ ಬುಧವಾರವೆಂದರೆ ನನ್ನ ಗಿರಣಿಯಲ್ಲಿ ಹಬ್ಬ. ರಸ್ತೆಯ ಆಚೆ ಗಂಡಸರ ಬಾಯಲ್ಲಿ ಹೆಂಗಸರ ದನಿ, ಈಚೆ ಹೆಂಗಸರ ಬಾಯಲ್ಲಿ ಗಂಡಸರ ದನಿ. ಊರ ಯಜಮಾನರೆಲ್ಲ ಸೇರಿ ಹುಳಿ ಹಿಟ್ಟಿಗೆ ಎಷ್ಟು ಮೆಂತ್ಯ ಹಾಕಬೇಕು, ಸೊಸೆಗೆ ಮುಟ್ಟಿನ ಹೊಟ್ಟೆನೋವಿಗೆ ಏನು ಕುಡಿಸಬೇಕು, ಯಾರ ಅತ್ತೆ ಯಾರಿಗೆ ಏನಂದಳು ಎಂದು ಗಟ್ಟಿ ಗಂಟಲಲ್ಲಿ ಚರ್ಚಿಸುತ್ತಿದ್ದರೆ ನಗದೆ ಇರುವುದು ಹೇಗೆ ಹೇಳಿ? ದಾರಿಯಲ್ಲಿ ಹೋಗುವವರು ಒಳಗೆ ಗಂಡಸರ ಸಭೆ ನಡೆದಿದೆ ಎಂದು ಹಾದುಹೋಗುತ್ತಿದ್ದರು. ಗುಟ್ಟು ಮಾತ್ರ ಹೊರಗೆ ಬೀಳಲಿಲ್ಲ.

ಇಷ್ಟಕ್ಕೇ ನಿಂತಿದ್ದರೆ ಇದೊಂದು ತಮಾಷೆಯ ಮಾತಾಗಿ ಉಳಿಯುತ್ತಿತ್ತು. ಆದರೆ ಒಂದು ಗುರುವಾರ ಬೆಳಿಗ್ಗೆ ದ್ಯಾಮವ್ವ ಎಂದಿನಂತೆ ಬುಟ್ಟಿ ಇಳಿಸಿ, ಸೆರಗು ಸಿಕ್ಕಿಸಿ, ಉಸಿರೆಳೆದು ಕೂಗಿದಳು. ರೊಟ್ಟಿಯ ಬದಲು ಬಾಯಿಂದ ಬಂದದ್ದು ಬೇರೆ:

“ಸದರಿ ಹೆಂಗಸರ ಕಟ್ಟೆ ತೆರವಿಗೆ ಸದಸ್ಯೆ ದ್ಯಾಮವ್ವನವರ ತಾತ್ವಿಕ ಒಪ್ಪಿಗೆ!”

ಸೊಪ್ಪಿನವರ ಕೈಯ ಸೊಪ್ಪು ಕೈಯಲ್ಲೇ ನಿಂತಿತು. ಕಟ್ಟೆಯ ಮೇಲಿನ ಹೆಂಗಸರೆಲ್ಲ ಅವಳ ಕಡೆ ತಿರುಗಿದರು. ಮೊಸರು ಮಾರುವ ಮುದುಕಿಯೊಬ್ಬಳು ಮೂಗಿನ ಮೇಲೆ ಬೆರಳಿಟ್ಟು, “ಯವ್ವಾ ದ್ಯಾಮವ್ವಾ, ನೀನ ಒಪ್ಪಿದೇನವಾ?” ಎಂದಳು. ದ್ಯಾಮವ್ವನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತಂತೆ. ಬುಟ್ಟಿಯನ್ನು ಅಲ್ಲೇ ಬಿಟ್ಟು ನೇರ ಸೈಕಲ್ ಅಂಗಡಿಗೆ ನಡೆದಳು.

ಕರಿಬಸಪ್ಪ ಒಂದು ಟ್ಯೂಬನ್ನು ನೀರಲ್ಲಿ ಅದ್ದಿ ಪಂಕ್ಚರ್ ಹುಡುಕುತ್ತಿದ್ದ. ಅವಳ ಮುಖ ನೋಡಿದ ಕೂಡಲೇ ಅವನಿಗೆ ತಿಳಿಯಿತು.

“ಸಿಟ್ಟಾಗಬ್ಯಾಡ. ಪ್ರಶಸ್ತಿ ಬಂದೈತೆಲ್ಲ, ಅದರ ನೆನಪಿಗೆ ಸಮಾನತೆಯ ಕಮಾನು ಕಟ್ಟಬೇಕಂತ ಮಾಡ್ಯಾರ. ಪೇಟೆ ನಡುಮಧ್ಯ ಅಂದ್ರ ಕಟ್ಟಿ ಇರೋ ಜಾಗಾನ. ನಿಮಗೆಲ್ಲಾ ಹಳ್ಳದ ದಂಡ್ಯಾಗ ಕೂಡಾಕ ಜಾಗಾ ಕೊಡ್ತಾರ.”

“ಹಳ್ಳದ ದಂಡ್ಯಾಗ ಯಾರ ಬರ್ತಾರ್ರಿ ರೊಟ್ಟಿ ತಗೋಳಾಕ? ವಟಗುಟ್ಟೋ ಕಪ್ಪೀನೂ ಬರೂದಿಲ್ಲ.”

“ಕಮಾನಿನ ಕಲ್ಲಿನ ಮ್ಯಾಲೆ ಹೆಸರು ಕೆತ್ತಸ್ತಾರ ದ್ಯಾಮಿ.” ಅವನ ದನಿ ಸಣ್ಣದಾಯಿತು. “ನನ್ನ ಹೆಸರು. ಕರಿಬಸಪ್ಪ, ಸದಸ್ಯೆಯ ಪತಿ, ಅಂತ. ನಮ್ಮಪ್ಪನ ಹೆಸರು ಎಲ್ಲೂ ಇಲ್ಲ, ಅಜ್ಜನ ಹೆಸರು ಎಲ್ಲೂ ಇಲ್ಲ.”

“ನಾ ಒಪ್ಪೂದಿಲ್ಲ.”

“ನಿನ್ನೆನ ನೀ ಒಪ್ಪೀದೆಲ್ಲ” ಎಂದ ಕರಿಬಸಪ್ಪ. ಅವನಿಗೆ ಅದರಲ್ಲಿ ತಮಾಷೆಯೂ ಕಾಣಲಿಲ್ಲ, ತಪ್ಪೂ ಕಾಣಲಿಲ್ಲ. “ಎಲ್ಲಾರೂ ಕೇಳ್ಯಾರ. ಬರೋ ಬುಧವಾರ ಕಡೀ ಹೂಂ ಒಂದು ಹೇಳೋದೈತಿ.”

ನಮ್ಮ ಊರಸಭೆಯ ಕಟ್ಟಳೆ ಹಾಗಿದೆ: ಯಾವ ವಾರ್ಡಿನ ವಿಷಯವೋ ಆ ವಾರ್ಡಿನ ದನಿ ಹೂಂ ಅನ್ನದೆ ಒಂದು ಕಲ್ಲನ್ನೂ ಕದಲಿಸುವಂತಿಲ್ಲ. ಕಟ್ಟೆ ಉಳಿಯುವುದೂ ಹೋಗುವುದೂ ದ್ಯಾಮವ್ವನ ಒಂದು ಮಾತಿನ ಮೇಲೆ ನಿಂತಿತ್ತು. ಆ ಮಾತು ಆಡಬೇಕಾದ ದನಿ ಅವಳದಾಗಿದ್ದರೂ ಅವಳ ಕೈಯಲ್ಲಿರಲಿಲ್ಲ. ಬುಧವಾರ ತಾನೇ ಮೊದಲು ಹೋಗಿ ಸಭೆಯಲ್ಲಿ ಕೂತುಬಿಡುತ್ತೇನೆ ಎಂದು ಅವಳು ನನಗೆ ಹೇಳಿದ್ದಳು. ಕರಿಬಸಪ್ಪನೂ ದಡ್ಡನಲ್ಲ. ಅವತ್ತು ಬೆಳಿಗ್ಗೆ ಹಲ್ಲುಜ್ಜುವ ಮೊದಲೇ ಬಚ್ಚಲ ಬಾಗಿಲಲ್ಲಿ ನಿಂತು “ನನ್ನ ಹೆಂಡತಿ ಪರವಾಗಿ” ಅಂದುಬಿಟ್ಟ. ಒಲೆಯ ಮುಂದೆ ಕೂತಿದ್ದ ದ್ಯಾಮವ್ವ ಏನೋ ಹೇಳಲು ಬಾಯಿ ತೆಗೆದಳು, ಬರೀ ಗಾಳಿ ಬಂತು.

ಮಧ್ಯಾಹ್ನ ಗಿರಣಿಗೆ ಬಂದಾಗ ಅವಳ ಕೈಯಲ್ಲಿ ಡಬ್ಬಿ ಇರಲಿಲ್ಲ. ಕಣ್ಣು ಕೆಂಪಗಾಗಿದ್ದವು. ಹೆಂಗಸರು ಸುತ್ತ ನೆರೆದರು. ಮಾಬೂಬಿ ರಾಜೇಸಾಬನ ದನಿಯಲ್ಲಿ ಅವಳನ್ನು ಸಮಾಧಾನ ಮಾಡಲು ಹೋದಳು. ಆ ಗೊಗ್ಗರು ದನಿಯಲ್ಲಿ “ಅಳಬ್ಯಾಡ ನಮ್ಮವ್ವಾ” ಎಂದು ಕೇಳಿದಾಗ ದ್ಯಾಮವ್ವನಿಗೆ ಅಳುವಿನ ನಡುವೆಯೇ ನಗು ಬಂತು. ನಕ್ಕವಳು ಹಾಗೇ ತಡೆದು ನಿಂತಳು. ಮಾಬೂಬಿಯ ಬಾಯನ್ನೇ ನೋಡಿದಳು, ಆಮೇಲೆ ರಸ್ತೆಯ ಆಚೆಗೆ ನೋಡಿದಳು. ಕಣ್ಣೊರೆಸಿಕೊಂಡು, ಸೆರಗನ್ನು ಸೊಂಟಕ್ಕೆ ಬಿಗಿದು, ಸೀದಾ ಹೊರಟಳು. ನಾನು ಗಿರಣಿ ನಿಲ್ಲಿಸಿ, ಹಿಟ್ಟು ಮೆತ್ತಿದ ಕೈಯಲ್ಲೇ ಹಿಂದೆ ಓಡಿದೆ. ನನ್ನ ಹಿಂದೆ ಉಳಿದವರೆಲ್ಲ.

ಸಭೆಯಲ್ಲಿ ಕರಿಬಸಪ್ಪ ಎದ್ದು ನಿಂತಿದ್ದ. ಮೇಜಿನ ಮೇಲೆ ಫೋನಿನ ರಿಸೀವರ್ ಮಲಗಿತ್ತು. ದ್ಯಾಮವ್ವನ ಆ ಹಸಿವು ಹುಟ್ಟಿಸುವ ದನಿ ಅವನ ಬಾಯಿಂದ ಹೊರಡುತ್ತಿತ್ತು: “ಅಧ್ಯಕ್ಷರ, ನಾನು ಸಂತೆಕಟ್ಟೆ ವಾರ್ಡಿನ ದ್ಯಾಮವ್ವ. ಸದರಿ ಕಟ್ಟೆ ತೆರವು ಮಾಡಿ ಸಮಾನತೆಯ ಕಮಾನು ಕಟ್ಟಲಿಕ್ಕೆ ನನ್ನ ಸಂಪೂರ್ಣ…”

“ತಡೀರಿ!”

ಬಾಗಿಲಿಂದ ಬಂದ ಆ ದನಿಗೆ ಎಲ್ಲರೂ ತಿರುಗಿದರು. ಎಲ್ಲರಿಗಿಂತ ಹೆಚ್ಚು ಬೆಚ್ಚಿದವನು ಕರಿಬಸಪ್ಪ. ಹುಟ್ಟಿದಾಗಿನಿಂದ ತನ್ನ ದನಿಯನ್ನು ಅವನು ಹೊರಗಿನಿಂದ ಕೇಳಿದವನಲ್ಲ. ಇಷ್ಟು ಒಡಕಾಗಿದೆಯೇ ಎಂದು ಅವನಿಗೆ ನಾಚಿಕೆಯಾಯಿತಂತೆ. ಇದನ್ನು ಅವನೇ ಆಮೇಲೆ ಹೇಳಿದ.

“ಯಾರದು?” ಬಾಳಪ್ಪನವರು ಕನ್ನಡಕ ಏರಿಸಿದರು.

“ನಾ ಕರಿಬಸಪ್ಪ ರೀ. ದ್ಯಾಮವ್ವನ ಗಂಡ” ಎಂದಳು ದ್ಯಾಮವ್ವ, ತಲೆಯ ಮೇಲಿನ ಸೆರಗು ಸರಿಮಾಡಿಕೊಳ್ಳುತ್ತ.

ಅಧ್ಯಕ್ಷರು ಈ ಕಡೆ ತಿರುಗಿದರು. “ಹಂಗಾದ್ರ ನೀ?”

“ನಾ ದ್ಯಾಮವ್ವ” ಎಂದ ಕರಿಬಸಪ್ಪ, ಮೀಸೆಯ ಮೇಲೆ ಕೈಯಿಟ್ಟು.

ಸಭೆ ಗೊಳ್ಳೆಂದಿತು. ನಗದೆ ನಿಂತವರು ಇಬ್ಬರೇ, ಗಂಡ ಮತ್ತು ಹೆಂಡತಿ. ದ್ಯಾಮವ್ವ ಕಾಲ್ಬೆರಳಿಂದ ನೆಲ ಕೆರೆಯುತ್ತಿದ್ದುದು ಅವಳ ಬೆನ್ನ ಹಿಂದೆ ನಿಂತಿದ್ದ ನನಗೆ ಕಾಣುತ್ತಿತ್ತು. ದನಿ ಮಾತ್ರ ಕರಿಬಸಪ್ಪನದು, ಅದು ನಡುಗಲಿಲ್ಲ.

“ಅಧ್ಯಕ್ಷರ, ಆ ಕಟ್ಟಿ ಮ್ಯಾಲೆ ನಾ ಒಂದ ದಿವಸಾನೂ ಕೂತಿಲ್ಲ. ಅಲ್ಲಿ ಬಿಸಲು ಯಾವಾಗ ಬರತೈತಿ, ನೆರಳು ಯಾವ ಕಡಿಗಿ ಸರೀತೈತಿ, ನನಗ ಏನೂ ಗೊತ್ತಿಲ್ಲ. ಕಲ್ಲಿನ ಮ್ಯಾಲೆ ಹೆಸರು ಕೆತ್ತಸ್ತೀವಿ ಅಂದ್ರು, ನನಗ ಆಸೆ ಆತು. ಅಷ್ಟ. ನನ್ನ ಹೆಂಡತೀನ್ನ ನಾ ಕೇಳೇ ಇಲ್ಲ.”

“ಸುಳ್ಳು!” ಎಂದು ಕರಿಬಸಪ್ಪ ಹೆಂಡತಿಯ ದನಿಯಲ್ಲಿ ಚೀರಿದ. “ಇಕಿ… ಇವ… ಅದು ನಾ ಅಲ್ಲ!”

ಬರೆದುಕೊಳ್ಳುತ್ತಿದ್ದ ಗುಮಾಸ್ತ ಪೆನ್ನು ಕೆಳಗಿಟ್ಟ. “ಏನಂತ ಬರೀಲಿ ರೀ? ಕರಿಬಸಪ್ಪ ತಪ್ಪೊಪ್ಪಿಕೊಂಡ್ರು, ದ್ಯಾಮವ್ವನವರು ಅದನ್ನ ಸುಳ್ಳು ಅಂದ್ರು, ಅಂತಾನ?”

“ಕಾಯಿದೆ ಪ್ರಕಾರ ಹಂಗ” ಎಂದರು ಬಾಳಪ್ಪನವರು. ಅವರ ಹಣೆಯಲ್ಲಿ ಬೆವರು ಮೂಡಿತ್ತು. “ಗಂಡ ಹೆಂಡತಿ ಜಗಳ ಮನ್ಯಾಗ ಮಾಡ್ಕೋರಿ. ನನಗ ವಾರ್ಡಿನ ದನಿ ಬೇಕು. ದ್ಯಾಮವ್ವನ ದನಿ ಹೂಂ ಅಂತೈತೋ, ಇಲ್ಲೋ? ಒಂದ ಮಾತು.”

ಕರಿಬಸಪ್ಪ ಉಸಿರು ತುಂಬಿಕೊಂಡು ಬಾಯಿ ತೆರೆದ. ಅವನ ಹೂಂ ತುಟಿಯ ತನಕ ಬಂದಿತ್ತು. ದ್ಯಾಮವ್ವ ಅವನ ಮುಖವನ್ನೇ ನೋಡುತ್ತ, ಅವನದೇ ದನಿಯಲ್ಲಿ, ಬಹಳ ಮೆತ್ತಗೆ ಹೇಳಿದಳು:

“ದ್ಯಾಮಿ, ನಿನ್ನ ಮಾತು ನಿನಗ.”

ದನಿ ಯಾರದೋ ಮಾತೂ ಅವರದೇ. ಕರಿಬಸಪ್ಪನ ದನಿ ಒಪ್ಪಿಸಿದರೆ ಕರಿಬಸಪ್ಪ ಒಪ್ಪಿಸಿದಂತೆ. ಅವನ ಬಾಯಿಂದ ಹೂಂ ಬದಲು ಸೈಕಲ್ ಟ್ಯೂಬಿನಿಂದ ಗಾಳಿ ಬಿಟ್ಟಂಥ ಸದ್ದು ಬಂತು. ಅವನು ಗಂಟಲು ಹಿಡಿದುಕೊಂಡ. ಹೆಂಡತಿಯ ದನಿ ಹೊರಟು ಹೋಗಿತ್ತು, ತನ್ನದು ಹೆಂಡತಿಯ ಹತ್ತಿರವಿತ್ತು. ಎರಡೂ ಇಲ್ಲದೆ ಅವನು ಸಭೆಯ ನಡುವೆ ಇಂಗು ತಿಂದ ಮಂಗನಂತೆ ನಿಂತ. ದ್ಯಾಮವ್ವ ಒಮ್ಮೆ ಉಗುಳು ನುಂಗಿದಳು. ಬೀಡಿಯ ವಾಸನೆಗೆ ಮೂಗು ಮುರಿದಳು. ಆಮೇಲೆ, ಆ ಕಟ್ಟಡದಲ್ಲಿ ಮೊಟ್ಟಮೊದಲ ಸಲ, ಅವಳ ದನಿ ಅವಳ ಬಾಯಿಂದ ಬಂತು.

“ಊಹೂಂ.”

ಅಷ್ಟೇ. ಅದು ಜೋರಾಗಿಯೂ ಇರಲಿಲ್ಲ. ಸ್ವಲ್ಪ ತಡೆದು ಮತ್ತೆ ಹೇಳಿದಳು: “ಊಹೂಂ, ಅಧ್ಯಕ್ಷರ. ಕಟ್ಟಿ ಇರಬೇಕು. ನಿಮಗ ಏನರ ಕಟ್ಟಸಲೇಬೇಕು ಅಂದ್ರ, ಬೇವಿನ ನೆರಳು ಮಧ್ಯಾಹ್ನ ಆಚಿಗಿ ಸರದ ಹೋಗತೈತಿ, ಅಲ್ಲೊಂದು ತಗಡು ಹಾಕಸ್ರಿ.”

ನನ್ನ ಬೆನ್ನ ಹಿಂದಿನಿಂದ ರಾಜೇಸಾಬನ ಗೊಗ್ಗರು ದನಿ ಕೇಳಿತು, “ಮಾಬೂಬಿ, ನಿನ್ನ ಮಾತು ನಿನಗ.” ಅದರ ಹಿಂದೆ ಇನ್ನೊಂದು, ಮತ್ತೊಂದು. ಒಳಗೆ ಕೂತಿದ್ದ ಗಂಡಂದಿರು ಒಬ್ಬೊಬ್ಬರಾಗಿ ಗಂಟಲು ಮುಟ್ಟಿಕೊಂಡು ಎದ್ದರು. ಎದ್ದ ಕುರ್ಚಿಗಳಲ್ಲಿ ಹೆಂಗಸರು ಕೂತರು. ಕುರ್ಚಿ ಇನ್ನೂ ಬಿಸಿ ಇತ್ತು ಎಂದು ಮಾಬೂಬಿ ಇವತ್ತಿಗೂ ಹೇಳಿ ನಗುತ್ತಾಳೆ.

ಪ್ರಶಸ್ತಿ ಏನಾಯಿತು ಎಂದು ಕೇಳುತ್ತೀರಿ, ಅದನ್ನು ಈಗಲೇ ಹೇಳಿಬಿಡುತ್ತೇನೆ. ಅದು ಹೋಯಿತು. ಮುಂದಿನ ಬುಧವಾರಗಳಲ್ಲಿ ಹೆಂಗಸರು ತಾವೇ ಬಂದು ಕೂತರು. ಮೊದಮೊದಲು ಅಂಜಿಕೊಂಡೇ ಮಾತಾಡಿದರು, ಯೋಚನೆ ಮಾಡಿ ಮಾತಾಡಿದರು, ತಿಳಿಯದ್ದನ್ನು ತಿಳಿಯಲಿಲ್ಲ ಅಂದರು, ಒಬ್ಬರು ಮಾತಾಡುವಾಗ ಇನ್ನೊಬ್ಬರು ಸುಮ್ಮನಿದ್ದರು. ಫೋನಿನ ಆ ತುದಿಯಲ್ಲಿ ಕಿವಿಗೊಟ್ಟವರಿಗೆ ಸರಿಯಾಗಿ ಏನೂ ಕೇಳಿಸಲಿಲ್ಲ. ನಿಮ್ಮೂರಲ್ಲಿ ಹೆಣ್ಣುಮಕ್ಕಳ ದನಿ ಮೊದಲಿನಷ್ಟು ಜೋರಾಗಿಲ್ಲ, ಬಹಳ ವಿಷಾದ ಎಂದು ಪ್ರಶಸ್ತಿಯನ್ನು ವಾಪಸು ಕರೆಸಿಕೊಂಡರು. ಬಾಳಪ್ಪನವರು ಒಂದು ದಿನ ಊಟ ಬಿಟ್ಟರು, ಆಮೇಲೆ ಉಂಡರು.

ನಾನು ಹೇಳಬೇಕೆಂದಿದ್ದು ಅದಲ್ಲ, ಆ ಸಂಜೆಯ ಮಾತು. ಸಭೆ ಮುಗಿಸಿ ದ್ಯಾಮವ್ವ ಮನೆಗೆ ಹೋಗದೆ ಕಟ್ಟೆಗೆ ಬಂದಳು. ಬೆಳಗಿನ ರೊಟ್ಟಿಯ ಬುಟ್ಟಿ ಹಾಗೇ ಕೂತಿತ್ತು. ಕರಿಬಸಪ್ಪ ಹತ್ತು ಹೆಜ್ಜೆ ಹಿಂದೆ ಬಂದು ಕಟ್ಟೆಯ ಮೂಲೆಯಲ್ಲಿ ಕುಕ್ಕರಿಸಿದ. ನೆರಳು ಅಲ್ಲಿಂದ ಸರಿದಿತ್ತು. ಬಿಸಿಲು ನೇರ ಮುಖಕ್ಕೆ ಬಡಿಯಿತು, ಕಲ್ಲು ಕಾದಿತ್ತು, ಅವನು ಒಮ್ಮೆ ಎದ್ದು ಮತ್ತೆ ಕೂತ. ಗಂಟಲಲ್ಲಿ ಮಾತಿಲ್ಲ. ಅವನ ದನಿ ಇನ್ನೂ ಹೆಂಡತಿಯ ಹತ್ತಿರವೇ ಇತ್ತು.

“ಒಂದ ವಾರ ಇಟ್ಕೋ ದ್ಯಾಮಿ. ತಿಳೀಲಿ” ಎಂದೆ ನಾನು. ನಾನಾಗಿದ್ದರೆ ಒಂದು ತಿಂಗಳು ಇಟ್ಟುಕೊಳ್ಳುತ್ತಿದ್ದೆ, ಸುಳ್ಳು ಯಾಕೆ ಹೇಳಲಿ.

ದ್ಯಾಮವ್ವ ಗಂಡನನ್ನು ನೋಡುತ್ತ ಕೂತಳು. ಅವನು ತುಟಿ ಆಡಿಸುತ್ತಿದ್ದ, ಏನೂ ಕೇಳುತ್ತಿರಲಿಲ್ಲ. ಅವಳಿಗೆ ಒಂದು ಆಸೆ ಬಂತಂತೆ. ದಿನವಿಡೀ ಕೂಗಿ ಮನೆಗೆ ಹೋದಾಗ ಯಾರಾದರೂ “ದಣಿದಿಯೇನು ದ್ಯಾಮಿ?” ಎಂದು ಕೇಳಲಿ ಎಂದು ಎಷ್ಟೋ ವರ್ಷದಿಂದ ಅನ್ನಿಸುತ್ತಿತ್ತು, ಅವನು ಒಮ್ಮೆಯೂ ಕೇಳಿರಲಿಲ್ಲ. ಈಗ ಅವನ ದನಿ ಅವಳ ಗಂಟಲಲ್ಲೇ ಇತ್ತು. ತಾನೇ ಕೇಳಿಕೊಂಡರೆ ಯಾರು ಬೇಡ ಅನ್ನುತ್ತಿದ್ದರು? ಅವಳು ಬಾಯಿ ತೆರೆದದ್ದನ್ನು ನಾನು ನೋಡಿದೆ. “ದಣಿ…” ಎಂದು ಕರಿಬಸಪ್ಪನ ದನಿ ಅರ್ಧ ಬಂತು. ಅವಳು ತುಟಿ ಕಚ್ಚಿಕೊಂಡಳು, ತಲೆ ಅಲ್ಲಾಡಿಸಿದಳು.

“ಬ್ಯಾಡ. ಅದು ನಾ ಹೇಳೋ ಮಾತಲ್ಲ” ಎಂದಳು ತನ್ನ ದನಿಯಲ್ಲಿ. “ನಿಮ್ಮ ಮಾತು ನಿಮಗ.”

ಕರಿಬಸಪ್ಪ ಕೆಮ್ಮಿದ. ಕೆಮ್ಮು ಅವನದೇ. ಬುಟ್ಟಿ ನೋಡಿದ, ಹೆಂಡತಿಯ ಮುಖ ನೋಡಿದ, ಕಾದ ಕಲ್ಲಿನ ಮೇಲೆ ಅಂಗೈ ಇಟ್ಟು ನೋಡಿದ. ಪೇಟೆಯಲ್ಲಿ ಜನ ಮನೆ ಕಡೆ ಹೊರಟಿದ್ದರು, ರೊಟ್ಟಿ ಒಂದೂ ಹೋಗಿರಲಿಲ್ಲ.

“ದಣಿದೀಯೇನು?” ಎಂದ ಕೊನೆಗೆ. ಅದೇ ಒಡಕು ದನಿ. “ನೀ ಸುಮ್ಮ ಕೂಡು. ನಿನ್ನ ಪರ…”

ದ್ಯಾಮವ್ವ ಚಂಗನೆ ಎದ್ದು ಬುಟ್ಟಿಯಿಂದ ಒಂದು ರೊಟ್ಟಿ ಮುರಿದು ಅವನ ಬಾಯಿಗೆ ತುರುಕಿದಳು. ಅವನು ಕಣ್ಣು ಕಣ್ಣು ಬಿಟ್ಟ. ಕಟ್ಟೆಯ ಮೇಲಿನ ಹೆಂಗಸರು ಕೇಕೆ ಹಾಕಿ ನಕ್ಕರು, ಮೊಸರಿನ ಮುದುಕಿ ನಕ್ಕು ನಕ್ಕು ಗಡಿಗೆ ಚೆಲ್ಲಿಕೊಂಡಳು. ದ್ಯಾಮವ್ವನ ಕಣ್ಣಲ್ಲಿ ಮಾತ್ರ ನೀರಿತ್ತು.

“ಹೌದ್ರಿ, ದಣದೀನಿ” ಎಂದಳು. “ಮೊದಲ ಅದನ್ನ ತಿನ್ರಿ. ಆಮ್ಯಾಲೆ ನನ್ನ ಮಗ್ಗಲಕ ಕೂತು, ನಿಮ್ಮ ದನೀಲೇ ಕೂಗ್ರಿ.”

ಕರಿಬಸಪ್ಪ ಕಟಕಟ ಅಗಿದು ನುಂಗಿದ. ಎದ್ದು ಬಂದು ಅವಳ ಪಕ್ಕದಲ್ಲಿ ಕೂತ. ಆ ಒಡಕು ದನಿಯಲ್ಲಿ “ರೊಟ್ಟಿ ರೀ, ಖಡಕ್ ರೊಟ್ಟಿ” ಎಂದು ಕೂಗಿದ. ಯಾರಿಗೂ ಹಸಿವಾಗಲಿಲ್ಲ, ಯಾರೂ ಬಸ್ಸಿನಿಂದ ಇಳಿಯಲಿಲ್ಲ. ಅವನು ಮತ್ತೊಮ್ಮೆ ಕೂಗಿದ.